ನಿಮಗೆಷ್ಟು ಸೇರ್ತು, ಮೊದ್ಲ ಅದನ್ನ ಹೇಳ್ರಿ

ಮನಿಯೊಳಗ ಎಲ್ಲಾರೂ ಕೂತು ಒಂದು ಪಿಕ್ಚರ್ ನೋಡಿ ಮುಗಿಸಿದ ಮ್ಯಾಲೆ ಮೊದ್ಲ ಯಾರು ಮಾತಾಡ್ತಾರ ಅಂತ ಒಮ್ಮೆ ಲಕ್ಷ್ಯ ಕೊಟ್ಟು ನೋಡ್ರಿ. ಹುಡುಗ್ರು ಶುರು ಮಾಡ್ತಾರ, "ಸೆಕೆಂಡ್ ಹಾಫ್ ಬೋರು" ಅಂತ. ಮನಿಯವರು "ಪರವಾಗಿಲ್ಲ, ಮೂರು ಕೊಡಬಹುದು" ಅಂತಾರ. ಮೈದುನ ಫೋನ್ ತಗದು ಮಂದಿ ಎಷ್ಟು ಸ್ಟಾರ್ ಕೊಟ್ಟಾರ ಅಂತ ಓದಿ ಹೇಳ್ತಾನ. ಎಲ್ಲಾರದೂ ಆದ ಮ್ಯಾಲೆ ಯಾರರೆ ನಮ್ಮ ಕಡೆ ತಿರುಗಿ "ನಿನಗ ಹೆಂಗನಿಸ್ತು?" ಅಂತ ಕೇಳಿದ್ರ ಕೇಳಿದ್ರು, ಇಲ್ಲಂದ್ರ ಇಲ್ಲ. ಕೇಳಿದ್ರೂ ನಾವು ಹೇಳೂದೇನು? "ಛಲೋ ಇತ್ತಲ್ಲ." ಅದರ ಬೆನ್ನಿಗೇ "ಎಲಿ ಹಾಕ್ಲ್ಯಾ?"

ಈ "ಛಲೋ ಇತ್ತಲ್ಲ" ಅನ್ನೋ ಮಾತಿನ ಮ್ಯಾಲೆ ನನಗ ಸಿಟ್ಟದ. ಅದು ನಮ್ಮ ಅಭಿಪ್ರಾಯ ಅಲ್ಲ. ಎಲ್ಲಾರೂ ಏನಂದ್ರು ಅಂತ ಕೇಳಿ, ಅದರ ಕೂಡ ಹೊಂದಿಸಿಕೊಂಡು ಹೇಳಿದ್ದು. ಬಾಜೂ ಮನಿ ವೈನಿಗೆ ಮರುದಿನ ಕಟ್ಟಿ ಮ್ಯಾಲೆ ಕೂತು ಹೇಳೂದ ಬ್ಯಾರೆ ಇರ್ತದ. ಅಲ್ಲಿ ಅರ್ಧಾ ತಾಸು ಹೇಳ್ತೀವಿ, ಯಾವ ಮಾತು ಎದಿಗೆ ನಟ್ಟಿತು, ಯಾವ ಜಾಗಾದಾಗ ಅಂವಗ ಎರಡು ಬಿಡಬೇಕು ಅನಿಸ್ತು, ಆ ಅತ್ತಿ ಪಾತ್ರದಕಿ ಯಾರ ಹಂಗ ಕಂಡ್ಲು ಅಂತ. ಖರೇ ವಿಮರ್ಶಾ ಕಟ್ಟಿ ಮ್ಯಾಲೆ ಆಗ್ತದ, ಪಡಸಾಲಿಯೊಳಗ ಅಲ್ಲ. ನಾನು ಈ ಸಲ ಹೇಳೂದು ಇಷ್ಟ: ಆ ಕಟ್ಟಿ ಮ್ಯಾಲಿನ ಮಾತು ಪಡಸಾಲಿಗೆ ಬರಬೇಕು. ಅದೂ ಎಲ್ಲಾರ ಮಾತು ಮುಗಿಯೂಕಿಂತ ಮೊದ್ಲ ಬರಬೇಕು.

ಮೊದ್ಲ ಈ ಸ್ಟಾರಿನ ಸುದ್ದಿ. ಫೋನಿನೊಳಗ ಒಂದು ಪಿಕ್ಚರ್ ಹೆಸರಿನ ಮುಂದ 5ಕ್ಕ 3.5 ಅಂತ ಇರ್ತದ. ಅದನ್ನ ನೋಡಿ "ಅಷ್ಟೇನಿಲ್ಲಂತ" ಅಂತ ಬಿಡ್ತೀವಿ. ಆ ಮೂರೂವರಿ ಹೆಂಗ ಹುಟ್ಟಿತು ಅಂತ ನಮ್ಮ ಮನೀದ ಒಂದು ಲೆಕ್ಕ ಹೇಳ್ತೀನಿ. 2022ರಾಗ 'ಕಾಂತಾರ' ಬಂತಲ್ಲ, ನಮ್ಮ ಅತ್ತಿಯವರು ಅದಕ್ಕ 5ಕ್ಕ 5 ಕೊಟ್ರು. ಕಡೀ ಭಾಗದಾಗ ದೈವ ಬಂದಾಗ ಅವರು ಥಿಯೇಟರಿನೊಳಗ ಕೈ ಮುಗದು ಕೂತಿದ್ರು. ನನ್ನ ಮಗಳು ಕೊಟ್ಟಿದ್ದು 2. "ಅಂವ ಲೀಲಾನ ಸೊಂಟಾ ಚಿವುಟ್ತಾನ, ಅಕಿನ್ನ ಕೇಳಿಲ್ಲ ಏನಿಲ್ಲ, ಪಿಕ್ಚರ್‌ನವರು ಅದಕ್ಕ ಪ್ರೀತಿ ಅಂತ ಹೆಸರಿಟ್ರು. ನನ್ನ ಕಾಲೇಜಿನ ಬಸ್ಸಿನೊಳಗ ಯಾರರೆ ಹಂಗ ಮಾಡಿದ್ರ ನೀವು ಪ್ರೀತಿ ಅಂತೀರೇನು?" ಅಂದ್ಲು. ಈಗ 5 ಮತ್ತ 2 ಕೂಡಿಸಿ ಎರಡರಿಂದ ಭಾಗಿಸ್ರಿ. ಮೂರೂವರಿ ಬರ್ತದ. ಆದ್ರ ನಮ್ಮ ಮನಿಯೊಳಗ ಮೂರೂವರಿ ಅನಿಸಿದವರು ಯಾರೂ ಇಲ್ಲ! ಒಬ್ಬರಿಗೆ ದೇವರ ಗುಡಿಗೆ ಹೋಗಿ ಬಂದಂಗ ಆಗಿತ್ತು, ಇನ್ನೊಬ್ಬಕಿಗೆ ಮೈ ಉರದಿತ್ತು. ಎರಡೂ ಖರೇ. ಕೂಡಿಸಿ ಭಾಗಿಸಿದ್ರ ಮಾತ್ರ ಸುಳ್ಳಾತು.

ಹಂಗಂತ ಸ್ಟಾರ್ ಕೊಡಲೇಬಾರದು ಅಂತ ನಾನು ಅನ್ನಂಗಿಲ್ಲ. ಕೊಡ್ರಿ, ಆದ್ರ ಯಾತಕ್ಕ ಕೊಟ್ರಿ ಅಂತ ಒಂದು ಮಾತು ಜೋಡಿಸ್ರಿ. ನಮಗ ಬೇಕಾಗೂದು ಫೋನಿನ ನಂಬರ್‌ನೊಳಗ ಇರೂದಿಲ್ಲ. ಮಾವನವರ ಎದುರು ಕೂತು ನೋಡಬಹುದೇನು? ಮನಿಯೊಳಗ ಯಾರರೆ ತೀರಿಕೊಂಡು ತಿಂಗಳಾಗಿದ್ರ ನೋಡಬಹುದೇನು? ಬಸುರಿ ಮಗಳು ಮನಿಗೆ ಬಂದಾಳ, ಅಕಿಗೆ ತೋರಿಸಬಹುದೇನು? ಆರು ವರ್ಷದ ಮೊಮ್ಮಗ ರಾತ್ರಿ ಅಂಜಿ ಎದ್ದು ಕೂಡ್ತಾನೇನು? ಸಣ್ಣ ಹುಡುಗ್ರು ಇದ್ದವರಿಗೆ ಒಂದು ಮಾತು: ಸ್ಟಾರ್ ನೋಡೂಕಿಂತ ಸರ್ಟಿಫಿಕೇಟ್ ನೋಡ್ರಿ. ಮೊದ್ಲ ಬರೇ ಯು/ಎ ಅಂತಿತ್ತು. 2023ರ ಕಾಯ್ದೆ ತಿದ್ದುಪಡಿ ಆದ ಮ್ಯಾಲೆ ಅದರಾಗ ಮೂರು ಥರ ಮಾಡ್ಯಾರ, ಯುಎ 7+, ಯುಎ 13+, ಯುಎ 16+ ಅಂತ. 16+ ಅಂತ ಇದ್ದದ್ದನ್ನ ಎಂಟು ವರ್ಷದ ಹುಡುಗನ್ನ ತೊಡಿ ಮ್ಯಾಲೆ ಕೂಡಿಸಿಕೊಂಡು ನೋಡಿ, ಆಮ್ಯಾಲೆ "ಛೀ, ಏನ್ ಪಿಕ್ಚರ್" ಅಂದ್ರ ಏನು ಬಂತು?

ಇನ್ನೊಂದು ಸಂಗತಿ ಅದ. ನಾವು ಪಿಕ್ಚರ್ ಪೂರ್ತಿ ನೋಡೂದ ಇಲ್ಲ. ಮನಿಯೊಳಗ ಟಿವಿ ಮುಂದ ಹಚ್ಚಿಕೊಂಡು ಕೂತ್ರ ಅರ್ಧಾ ತಾಸಿಗೆ ಕುಕ್ಕರ್ ಸೀಟಿ ಹೊಡೀತದ, ಹಾಲಿನವ ಬರ್ತಾನ, ಯಾರಿಗೋ ನೀರು ಬೇಕಾಗ್ತದ, ಮತ್ತ ಯಾರಿಗೋ ಚಾ. ನಾವು ಎದ್ದು ಹೋದಾಗ ಪಿಕ್ಚರ್ ನಿಂದ್ರಸೂ ಮನಿ ಎಷ್ಟವ ಹೇಳ್ರಿ? ಅವರು ಹೊರಗ ಹೋದ್ರ "ನಿಂದ್ರಸ್ರಿ, ನಾ ಬಂದೆ" ಅಂತಾರ. ನಾವು ಹೋದ್ರ "ನೀನೇನ ಬಂದ್ಮ್ಯಾಲೆ ಹೇಳ್ತೀವಿ ತಗೋ" ಅಂತಾರ. ಬಂದ ಮ್ಯಾಲೆ ಯಾರು ಸತ್ರು, ಯಾರು ಯಾರ ಮಗ ಅಂತ ಕೇಳಿದ್ರ "ಶ್!" ಹಿಂಗ ತುಂಡು ತುಂಡು ನೋಡಿದ್ದಕ್ಕ ನಮಗೂ ಒಂದು ಅಂಜಿಕಿ ಹುಟ್ಟತದ, ನಾ ಏನರೆ ಅಂದ್ರ "ನೀ ಪೂರ್ತಿ ನೋಡೇ ಇಲ್ಲಲ್ಲ" ಅಂತಾರ ಅಂತ. ಅದಕ್ಕ ಸುಮ್ಮನಿರ್ತೀವಿ.

ಆದ್ರ ಅದರಾಗೇ ನಮಗ ಒಂದು ಅಳತಿ ಸಿಗ್ತದ ನೋಡ್ರಿ. ಯಾವ ಪಿಕ್ಚರ್ ನೋಡುವಾಗ ಕುಕ್ಕರ್ ಸೀಟಿ ಎಷ್ಟಾದ್ವು ಅಂತ ಎಣಸೂದು ಮರೀತೀವಿ, "ಗ್ಯಾಸ್ ಸಣ್ಣ ಮಾಡಿ ಬಾ" ಅಂತ ಮಗನ್ನ ಕಳಸ್ತೀವಿ, ಆ ಪಿಕ್ಚರ್‌ಗೆ ಸ್ಟಾರ್ ಬ್ಯಾಡ. ಎಷ್ಟು ಸಲ ಎದ್ದೆ ಅನ್ನೂದ ನನ್ನ ಲೆಕ್ಕ.

ನಮ್ಮ ಅವ್ವ, ಮಾವಶಿ ಕಾಲಕ್ಕ ಸ್ಟಾರ್ ಇರಲಿಲ್ಲ, ಆದ್ರ ಜಗಳ ಇತ್ತು! 1971ರ 'ಶರಪಂಜರ' ಬಗ್ಗೆ ಅವರಿಬ್ಬರು ಆಡಿದ ವಾದಾ ನಾ ದೊಡ್ಡಾಕಿ ಆದ ಮ್ಯಾಲೆ ಸುದ್ದಾ ಕೇಳೀನಿ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ಪಿಕ್ಚರ್, ಕಲ್ಪನಾ ಕಾವೇರಿ ಆಗಿದ್ದು. ಬಾಣಂತನದ ಮ್ಯಾಲೆ ಬುದ್ಧಿ ಕದಡಿದ ಹೆಣ್ಣಮಗಳು ಆರಾಮಾಗಿ ಮನಿಗೆ ಬಂದ್ರೂ ಮಂದಿ ಅಕಿನ್ನ ಆರಾಮಾದಕಿ ಅಂತ ಒಪ್ಪೂದಿಲ್ಲ. ಮಾವಶಿ "ಗಂಡಂದ ತಪ್ಪು" ಅಂದ್ರ, ಅವ್ವ "ಬರೇ ಗಂಡ ಅಲ್ಲ, ಓಣಿ ಮಂದೀದೂ ತಪ್ಪು, ಅಡಿಗಿಯಾಕಿ ಸುದ್ದಾ ಅಂಜಿದ್ರ ಅಕಿ ಹೆಂಗ ಬದುಕಬೇಕು?" ಅಂತಿದ್ಲು. ಎಷ್ಟೋ ವರ್ಷದ ಮ್ಯಾಲೆ ಅದೇ ವಾದಾ, ಅದೇ ಬಿಸಿ. ಅವರಿಗೆ ಯಾರೂ ರೇಟಿಂಗ್ ಕೇಳಿರಲಿಲ್ಲ, ಆದ್ರೂ ಅವರ ಹತ್ರ ಅಭಿಪ್ರಾಯ ಇತ್ತು. ನಮ್ಮ ಹತ್ರ ರೇಟಿಂಗ್ ಅದ, ಅಭಿಪ್ರಾಯ ಎಲ್ಲಿ ಹೋತು?

ಮಂದಿಗೆ ಹೇಳಿ ನಾನ ಸುಮ್ಮನಿದ್ರ ಹೆಂಗ? ಅದಕ್ಕ ಈ ಒಂದೆರಡು ವರ್ಷದಾಗ ನಾ ನೋಡಿದ್ದು, ಕೆಲವು ತಡಾ ಮಾಡಿ ನೋಡಿದ್ದು, ನನ್ನ ಲೆಕ್ಕದಾಗ ಹೆಂಗಿದ್ವು ಅಂತ ಬರೀತೀನಿ. ಕೆಲವು ಕಡೆ ಕತಿ ಮುಂದ ಹೋಗಿ ಹೇಳೀನಿ, ಇನ್ನೂ ನೋಡಿರದವರು ಆ ಪ್ಯಾರಾ ಬಿಟ್ಟು ಓದ್ರಿ.

ಲಾಪತಾ ಲೇಡೀಸ್, 5ಕ್ಕ 4.5. ಎದ್ದದ್ದು ಒಂದ ಸಲ.

2024ರ ಹಿಂದಿ ಪಿಕ್ಚರ್, ಕಿರಣ್ ರಾವ್ ಮಾಡಿದ್ದು. 2001ರ ಕತಿ. ಇಬ್ಬರು ಹೊಸಾ ಮದಲಗಿತ್ತ್ಯಾರು, ಇಬ್ಬರ ಮುಖದ ಮ್ಯಾಲೂ ಕೆಂಪು ಸೆರಗು, ರೈಲಿನೊಳಗ ಅದಲಬದಲಾಗ್ತಾರ. ಫೂಲ್ ಅನ್ನೋ ಹುಡುಗಿಗೆ ಗಂಡನ ಊರಿನ ಹೆಸರ ಗೊತ್ತಿಲ್ಲ, ಯಾವುದೋ ಹೂವಿನ ಹೆಸರು ಅನ್ನೂದಷ್ಟ ನೆನಪು. ಸ್ಟೇಷನ್ನಿನೊಳಗ ಚಾದಂಗಡಿ ಇಟ್ಟ ಮಂಜು ಮಾಯಿ ಕೈಯಾಗ ಅಕಿ ಬೀಳ್ತಾಳ. ಕಲಾಕಂದ ಮಾಡಿಕೊಡ್ತಾಳ, ಅದು ಖರ್ಚಾಗ್ತದ, ಮಾಯಿ ಅಕಿ ಕೈಯಾಗ ರೊಕ್ಕ ಇಡ್ತಾಳ. ಆ ರೊಕ್ಕ ಹಿಡಕೊಂಡ ಆ ಹುಡುಗಿ ಮುಖಾ ನೋಡ್ರಿ. ಹುಟ್ಟಿದಾಗಿಂದ ಅಡಿಗಿ ಮಾಡ್ಯಾಳ, ಅದಕ್ಕ ಬೆಲಿ ಅದ ಅಂತ ಅವತ್ತ ಗೊತ್ತಾತು ಅಕಿಗೆ.

ಆದ್ರ ನನಗ ಹತ್ತಿದ್ದು ಇನ್ನೊಂದು ಸಣ್ಣ ಜಾಗಾ. ಅದಲಬದಲಾಗಿ ಬಂದ ಜಯಾ ಆ ಮನಿ ಅತ್ತಿ ಕೈ ಅಡಿಗಿ ಹೊಗಳ್ತಾಳ. ಆ ಅತ್ತಿಗೆ ಹೊಗಳಿಸಿಕೊಂಡು ರೂಢಿನ ಇಲ್ಲ. ತನಗ ಸೇರೂದು ಮನಿಯೊಳಗ ಬ್ಯಾರೆ ಯಾರಿಗೂ ಸೇರೂದಿಲ್ಲ ಅಂತ ಅಕಿ ಅದನ್ನ ಮಾಡೂದ ಬಿಟ್ಟಾಳ. ಈ ಜಾಗಾ ಬಂದಾಗ ನಮ್ಮ ಪಡಸಾಲಿಯೊಳಗ ನಾನು, ಅತ್ತಿಯವರು, ನೆಗೆಣ್ಣಿ ಮೂವರೂ ಗಪ್ ಆದ್ವಿ. ಯಾಕಂದ್ರ ನಮ್ಮ ಮೂವರಿಗೂ ಹಾಗಲಕಾಯಿ ಗೊಜ್ಜು ಸೇರ್ತದ, ನಮ್ಮ ಮನಿಯೊಳಗ ಅದು ಆಗಂಗಿಲ್ಲ. ಗಂಡಸ್ರಿಗೆ, ಹುಡುಗ್ರಿಗೆ ಸೇರೂದಿಲ್ಲ ಅಂತ. ಮೂರು ಮಂದಿ ಒಲಿ ಮುಂದ ನಿಂತಾರ, ಒಬ್ಬಕಿಗೂ ತನಗ ಬೇಕಾದ್ದು ಒಂದು ಬಟ್ಟಲ ಮಾಡಿಕೊಳ್ಳಬೇಕು ಅನಿಸಿಲ್ಲ! ಪಿಕ್ಚರ್ ಬಗ್ಗೆ "ಛಲೋ ಇತ್ತಲ್ಲ" ಅನ್ನೂದೂ ಇದರ ಅಕ್ಕ-ತಂಗೀನ. ನಮಗೇನು ಸೇರ್ತದ ಅಂತ ಹೇಳದೇ ಹೇಳದೇ ಕಡೀಕ ನಮಗೇ ನೆನಪು ಹೋಗ್ತದ. ನಾ ಈ ಲೇಖನ ಬರಿಯೂದಕ್ಕ ಇದ ಕಾರಣ.

ಅರ್ಧಾ ಸ್ಟಾರ್ ಯಾಕ ಕಡಿಮಿ? ಕಡೀಕ ಜಯಾ ಪಾರಾಗಿದ್ದು ಲಂಚಾ ತಿನ್ನೋ ಇನ್ಸ್‌ಪೆಕ್ಟರ್‌ನ ಮನಸ್ಸು ಅವತ್ತ ಒಳ್ಳೇದಾಗಿದ್ದಕ್ಕ. ಅವತ್ತ ಅಂವನ ಮನಸ್ಸು ಒಳ್ಳೇದಾಗದಿದ್ರ ಅಕಿ ಗತಿ ಏನಿತ್ತು? ಅಷ್ಟ ನನ್ನ ತಕರಾರು.

ಶಿವಮ್ಮ, 5ಕ್ಕ 4.5. ಎದ್ದದ್ದು ಎರಡು ಸಲ.

ಇದು ನಮ್ಮ ಕಡೇದು, ಕೊಪ್ಪಳ ಜಿಲ್ಲಾ ಯರೇಹಂಚಿನಾಳದ ಕತಿ. ಜೈಶಂಕರ್ ಆರ್ಯರ್ ಮಾಡಿದ್ದು. 2022ರಾಗ ಬುಸಾನ್ ಚಿತ್ರೋತ್ಸವದಾಗ ದೊಡ್ಡ ಬಹುಮಾನ ಬಂತು, ನಮ್ಮ ಥಿಯೇಟರಿಗೆ ಬಂದಿದ್ದು 2024ರಾಗ. ಪಿಕ್ಚರ್‌ನೊಳಗ ನಮ್ಮ ಮಾತು ಕೇಳಬೇಕಂದ್ರ ಯಾವಾಗಲೂ ನಗಿಸೋನೋ ಇಲ್ಲಾ ರೌಡೀನೋ ಬರಬೇಕು. ಇಲ್ಲಿ ಹಂಗಲ್ಲ. ಶಿವಮ್ಮ ಬೈದ್ರ ನಮ್ಮ ಓಣಿಯಾಕಿ ಬೈದಂಗ, ಅತ್ರ ನಮ್ಮ ಓಣಿಯಾಕಿ ಅತ್ತಂಗ.

ಶಿವಮ್ಮ ಸಾಲಿಯೊಳಗ ಬಿಸಿಯೂಟದ ಅಡಿಗಿ ಮಾಡಾಕಿ. ಗಂಡ ಹಾಸಿಗಿ ಹಿಡದಾನ. ದುಡಿಯಾಕಿ ಅಕಿ ಒಬ್ಬಾಕಿ. ಗಂಡಗ ಆರಾಮಾಗ್ತದ, ಕೈಯಾಗ ನಾಕು ಕಾಸೂ ಆಡ್ತದ ಅಂತ ಶಕ್ತಿ ಪುಡಿ ಮಾರೋ ಚೈನ್ ವ್ಯಾಪಾರಕ್ಕ ಸೇರ್ತಾಳ. ಮುಂದ ಮಗಳ ಮದುವಿನೂ ಅದರಾಗ ಸಿಕ್ಕೊಳ್ತದ. ನಮ್ಮ ಭಾವ ಇದನ್ನ ನೋಡಿ "ಇದೇನು, ಬರೇ ಡಾಕ್ಯುಮೆಂಟರಿ ಇದ್ದಂಗದ, 2 ಸಾಕು" ಅಂದ್ರು. ಅವರ ಮನಿಗೆ ಯಾರೂ ಡಬ್ಬಿ ಹಿಡಕೊಂಡು ಬಂದಿಲ್ಲ, ಅದಕ್ಕ ಹಂಗ ಅನಿಸಿರಬೇಕು. ನಮ್ಮ ಕಡೆ ಅರಿಷಿಣ-ಕುಂಕುಮಕ್ಕ ಅಂತ ಕರದು, ಉಡಿ ತುಂಬಿ, ಆಮ್ಯಾಲೆ ಸಾವಕಾಶ "ವೈನಿ, ಒಂದು ಸ್ಕೀಮ್ ಅದ" ಅಂತ ಶುರು ಮಾಡ್ತಾರ. ಇಲ್ಲ ಅನ್ನೂದು ಎಷ್ಟು ತ್ರಾಸು ಅಂತ ನಮಗ ಗೊತ್ತು. ಮಾರಾಕಿನೂ ನಮ್ಮಂಥಾಕಿನ, ಅಕಿ ಮ್ಯಾಲೂ ಸಾಲ ಇರ್ತದ. ಈ ಪಿಕ್ಚರ್ ಶಿವಮ್ಮಗ ಶಾಣ್ಯಾಕಿ ಅನ್ನೂದಿಲ್ಲ, ದಡ್ಡಿ ಅನ್ನೂದೂ ಇಲ್ಲ. ಆ ಹಟಾ ಎಲ್ಲಿಂದ ಬಂತು ಅಂತ ತೋರಸ್ತದ. ಯಾರರೆ ಇಂಥಾ ಪುಡಿ ಹಿಡಕೊಂಡು ಬಂದ್ರ ಅವರನ್ನ ಕೂಡಿಸಿಕೊಂಡು ಇದನ್ನ ಹಚ್ಚಿಬಿಡ್ರಿ, ನೀವು ಒಂದು ಮಾತೂ ಆಡೂದು ಬ್ಯಾಡ.

ಸು ಫ್ರಮ್ ಸೋ, 5ಕ್ಕ 4. ಎದ್ದದ್ದು ಮೂರು ಸಲ, ಮೂರೂ ಸಲ ನಕ್ಕೋತ.

2025ರ ಜುಲೈದಾಗ ಬಂದಿದ್ದು. ಜೆ.ಪಿ. ತುಮಿನಾಡ್ ಅವರದ ಕತಿ, ಅವರ ಅಶೋಕನ ಪಾತ್ರಾನೂ ಮಾಡ್ಯಾರ. ಮಂಗಳೂರು ಕಡೆ ಊರು. ಅಶೋಕನ ಮೈಯಾಗ ಸೋಮೇಶ್ವರದ ಸುಲೋಚನಾ ಅನ್ನಾಕಿ ದೆವ್ವ ಬಂದದ ಅಂತ ಊರೆಲ್ಲಾ ಎದ್ದು ಕೂಡ್ತದ. ದೊಡ್ಡ ಹೀರೋ ಇಲ್ಲ, ಹೊಡದಾಟ ಇಲ್ಲ, ಬಾಯಿಂದ ಬಾಯಿಗೆ ಸುದ್ದಿ ಹಬ್ಬಿ ಮಂದಿ ಬಂದ್ರು. ನಮ್ಮ ಮಾಮಿ ಹೊಟ್ಟಿ ಹಿಡಕೊಂಡು ನಕ್ಕು, ಆಮ್ಯಾಲೆ ಸುಲೋಚನಾನ ಮಗಳು ಬಂದ ಮ್ಯಾಲೆ ಸೆರಗಿನಿಂದ ಕಣ್ಣು ಒರಸಿಕೊಂಡ್ರು. ನನ್ನ ಒಂದ ಮಾತು: ಪಿಕ್ಚರ್ ತುಂಬ ಒಬ್ಬ ಹೆಣ್ಣಮಗಳ ಹೆಸರು ಓಡ್ಯಾಡ್ತದ, ಆದ್ರ ಮಾತಾಡೂದೆಲ್ಲಾ ಗಂಡಸ್ರು. ಸತ್ತಾಕಿ ಸುದ್ದಿಗೆ ಊರು ಎದ್ದು ನಿಂದರ್ತದ, ಬದುಕಿದ್ದಾಕಿ ಕಷ್ಟ ಕೇಳ್ಲಿಕ್ಕೆ ಅರ್ಧಾ ಪಿಕ್ಚರ್ ಆಗಬೇಕು. ಮಾಮಿ ಇದನ್ನ ಒಪ್ಪಂಗಿಲ್ಲ, "ಕಡೀಕರೆ ಕೇಳಿದ್ರಲ್ಲ ತಂಗಿ, ಎಷ್ಟ ಊರಾಗ ಅಷ್ಟೂ ಇಲ್ಲ" ಅಂತಾರ. ಅವರದು 5.

ಸಪ್ತಸಾಗರದಾಚೆ ಎಲ್ಲೋ, ಸೈಡ್ ಎ 4, ಸೈಡ್ ಬಿ 2.5.

ಎರಡೂ 2023ರಾಗ ಬಂದಿದ್ದು, ಹೇಮಂತ್ ರಾವ್ ಮಾಡಿದ್ದು. ಮೊದಲನೇದರಾಗ ಮನು ಒಂದು ಸ್ವಂತ ಮನಿ ಆಗ್ಲಿ ಅಂತ ಸಾವಕಾರನ ಮನಿಯವರ ತಪ್ಪು ತನ್ನ ತಲಿ ಮ್ಯಾಲೆ ಹೊತ್ತುಕೊಂಡು ಜೇಲಿಗೆ ಹೋಗ್ತಾನ. ಪ್ರಿಯಾ ಹೊರಗ ಓಡ್ಯಾಡಿ ಸಾಕಾಗ್ತಾಳ. ರುಕ್ಮಿಣಿ ವಸಂತ್ ಕಣ್ಣೊಳಗ ಎಲ್ಲಾ ಹೇಳ್ತಾಳ, ನಾ ಅತ್ತೀನಿ, ಸುಳ್ಳ ಯಾಕ ಹೇಳ್ಲಿ. ಎರಡನೇದರಾಗ ಅಂವ ಹೊರಗ ಬಂದ ಮ್ಯಾಲೆ, ಮದುವಿ ಆಗಿ ಸಂಸಾರ ನಡಸ್ಲಿಕ್ಕೆ ಹತ್ತಿದ ಪ್ರಿಯಾನ ಹಿಂದ ಹಿಂದ, ಅಕಿಗೆ ಗೊತ್ತಾಗಧಂಗ ಓಡ್ಯಾಡ್ತಾನ. ಎದುರು ಮನಿ ಹುಡುಗಿ "ಕಾಕು, ಎಂಥಾ ಪ್ರೀತಿ!" ಅಂತ 5 ಕೊಟ್ಲು. ನಾ ಅಕಿಗೆ ಅಂದೆ, "ನಾಳೆ ನಿನ್ನ ಲಗ್ನಾ ಆದ ಮ್ಯಾಲೆ ಒಬ್ಬಂವ ದಿನಾ ನಿನ್ನ ಮನಿ ಮುಂದ ಮರಿಗೆ ನಿಂತು ನೋಡ್ತಾನ ಅಂತ ತಿಳದ್ರ ನಿನಗ ಪ್ರೀತಿ ನೆನಪಾಗ್ತದೋ, ಬಾಗಲಾ ಚಿಲಕಾ ನೆನಪಾಗ್ತದೋ?" ಅಕಿ ವಿಚಾರ ಮಾಡಿ "ಚಿಲಕಾ" ಅಂದ್ಲು. ಆದ್ರೂ ಸ್ಟಾರ್ ಕಡಿಮಿ ಮಾಡ್ಲಿಲ್ಲ. ಇರ್ಲಿ, ಅಕೀದು ಅಕಿಗೆ.

ದ ಗ್ರೇಟ್ ಇಂಡಿಯನ್ ಕಿಚನ್, ನನ್ನದು 5, ಅತ್ತಿಯವರದು 1.

2021ರ ಮಲಯಾಳಂ ಪಿಕ್ಚರ್, ಜಿಯೋ ಬೇಬಿ ಮಾಡಿದ್ದು. ಹಿಂದಿಯೊಳಗ ಇದ ಕತಿ 2025ರಾಗ 'ಮಿಸೆಸ್' ಅಂತ ಬಂತು. ಮಲಯಾಳಂದಾಗ ಆ ಹೆಂಡತಿಗೆ ಹೆಸರ ಇಲ್ಲ, ಗಂಡಗೂ ಇಲ್ಲ, ಯಾವ ಮನೀದರೆ ಆಗಬಹುದು ಅಂತ. ಮಾವಗ ಕುಕ್ಕರಿನ ಅನ್ನ ಬ್ಯಾಡ, ಒಲಿ ಮ್ಯಾಲಿಂದ ಬೇಕು. ಮಿಕ್ಸರ್ ಚಟ್ನಿ ಬ್ಯಾಡ, ಕಲ್ಲಾಗ ಅರದದ್ದು ಬೇಕು. ಸಿಂಕಿನ ಕೆಳಗ ಪೈಪು ಸೋರ್ತದ, ಗಂಡ ನಾಳೆ ನಾಳೆ ಅಂತಾನ.

ಅತ್ತಿಯವರು ಒಂದು ಸ್ಟಾರ್ ಕೊಟ್ಟು ಹೇಳಿದ್ದು ಇಷ್ಟ: "ಇದರಾಗ ಹೊಸಾದ್ದೇನದ? ನಾವು ಇದನ್ನ ನಲವತ್ತು ವರ್ಷ ಮಾಡೇವಿ. ನಮ್ಮ ಮ್ಯಾಲೆ ಯಾರೂ ಪಿಕ್ಚರ್ ತಗೀಲಿಲ್ಲ." ನನ್ನ ನೆಗೆಣ್ಣಿ ನಕ್ಲು, ನಾ ನಗಲಿಲ್ಲ. ನಾ ಓದಿದ ಯಾವ ವಿಮರ್ಶಾದಾಗೂ ಇಂಥಾ ಮಾತು ಇರಲಿಲ್ಲ. ಇನ್ನೊಂದು ಹೇಳ್ತೀನಿ. ಒಂದು ಸ್ಟಾರ್ ಕೊಟ್ಟ ಅತ್ತಿಯವರು ಆ ಪಿಕ್ಚರ್ ಮುಗಿಯೂ ತನಕ ಒಂದ ಸಲನೂ ಎದ್ದಿಲ್ಲ. ಸಂಜೀಕ ದೇವರ ದೀಪಾ ಹಚ್ಚೂದ ತಡಾ ಆತು. ಈಗ ಹೇಳ್ರಿ, ಅವರಿಗೆ ಅದು ಸೇರ್ತೋ ಇಲ್ಲೋ? ಫೋನಿನ ಲೆಕ್ಕಕ್ಕ ಅದು ಒಂದು. ನನ್ನ ಲೆಕ್ಕಕ್ಕ ಅದಕ್ಕಿಂತ ದೊಡ್ಡ ಮಾರ್ಕು ಇಲ್ಲ. ಸೇರೂದು ಬ್ಯಾರೆ, ನಟ್ಟೂದು ಬ್ಯಾರೆ. ಒಂದ ನಂಬರಿನೊಳಗ ಎರಡನ್ನೂ ಹೆಂಗ ಹೇಳ್ತೀರಿ?

"ಮನರಂಜನಿಗೆ ಅಂತ ನೋಡೂದು, ಅದಕ್ಕೂ ಇಷ್ಟು ವಿಚಾರ ಯಾಕ?" ಅಂತ ಕೇಳೂವರು ಇದ್ದಾರ. ಮನರಂಜನಿ ಅಂದ್ರೂ ಯಾರ ಮನಸ್ಸು ಅನ್ನೂ ಪ್ರಶ್ನೆ ಬರ್ತದಲ್ಲರಿ. ಮುಂದಿನ ಶನಿವಾರ ಯಾವುದಕ್ಕ ಹೋಗೂದು ಅಂತ ನಿರ್ಣಯ ಆಗೂದು ಹಿಂದಿನ ಸಲ ಯಾರು ಏನಂದ್ರು ಅನ್ನೂದರ ಮ್ಯಾಲೆ. ನಾವು "ಛಲೋ ಇತ್ತಲ್ಲ" ಅಂದಿದ್ರ ಮತ್ತ ಅಂಥಾದ್ದ ಬರ್ತದ, ಆರು ಮಂದಿ ಟಿಕೀಟು, ಮ್ಯಾಲೆ ಪಾಪ್‌ಕಾರ್ನ್ ರೊಕ್ಕ. ರೊಕ್ಕಾ ಕೊಟ್ಟು, ಮೂರು ತಾಸು ಕೂತು, ಹೊಡದಾಟದ ಗದ್ಲಕ್ಕ ತಲಿಶೂಲಿ ತಗೊಂಡು ಮನಿಗೆ ಬಂದು ಮತ್ತ ಅನ್ನಕ್ಕಿಡಬೇಕು. ಬಾಯಿ ಬಿಟ್ಟು ಹೇಳಿದ್ರ ಇದು ತಪ್ತದ.

"ಹೇಳಿದ್ರ ಜಗಳಾಗ್ತದ" ಅಂತ ಇನ್ನು ಕೆಲವರು ಅಂತಾರ. ಆಗ್ಲಿ ಬಿಡ್ರಿ. ಆಸ್ತಿ ಸಲುವಾಗಿ ಆಗೂ ಜಗಳಾ ಅಲ್ಲ, ಅಡಿಗಿಗೆ ಉಪ್ಪು ಹೆಚ್ಚಾತು ಅಂತ ಆಗೂ ಜಗಳಾ ಅಲ್ಲ. ನಮ್ಮ ಮನಿಯೊಳಗ 'ಕಾಂತಾರ'ದ ಸಲುವಾಗಿ ಅಜ್ಜಿ-ಮೊಮ್ಮಗಳು ಜಗಳಾಡಿದ್ರಲ್ಲ, ಅವತ್ತ ಮೊದಲನೇ ಸಲ ನಮ್ಮ ಅತ್ತಿಯವರು ಮೊಮ್ಮಗಳಿಗೆ "ಬಸ್ಸಿನೊಳಗ ನಿನಗ ಯಾರರೆ ತ್ರಾಸು ಕೊಡ್ತಾರೇನು?" ಅಂತ ಕೇಳಿದ್ರು. ಪಿಕ್ಚರ್ ಇಲ್ಲದಿದ್ರ ಆ ಪ್ರಶ್ನೆ ನಮ್ಮ ಮನಿಯೊಳಗ ಬರ್ತಿರಲಿಲ್ಲ.

ಈಗ ನಿಮ್ಮ ಪಾಳಿ. ಮೂರ ಕೆಲಸ ಹೇಳ್ತೀನಿ, ರೊಕ್ಕದ ಖರ್ಚಿಲ್ಲ. ಒಂದು, ಪಿಕ್ಚರ್ ಹಚ್ಚೂಕಿಂತ ಮೊದ್ಲ ಅಡಿಗಿ ಮುಗಿಸಬ್ಯಾಡ್ರಿ, ಎಲ್ಲಾರನ್ನೂ ಕೂಡಿಸಿಕೊಂಡು ಮುಗಿಸ್ರಿ, ಆಮ್ಯಾಲೆ ಹಚ್ರಿ. ಎರಡು, ನೀವು ಎದ್ರ ಪಿಕ್ಚರ್ ನಿಂದರಬೇಕು, ರಿಮೋಟ್ ನಿಮ್ಮ ತೊಡಿ ಮ್ಯಾಲೆ ಇರ್ಲಿ. ಮೂರು, ಮುಗಿದ ಮ್ಯಾಲೆ ಫೋನ್ ತಗಿಯೂಕಿಂತ ಮೊದ್ಲ ಎಲ್ಲಾರಿಗೂ ಒಂದೊಂದು ಚೀಟಿ ಕೊಡ್ರಿ, ಸಣ್ಣ ಹುಡುಗ್ರಿಗೂ, ಅಜ್ಜಿಗೂ. ನಂಬರ್ ಒಂದು, ಕಾರಣ ಒಂದು ಸಾಲು. ಬರಿಯೂದು ಆಗದಿದ್ದವರದು ನೀವು ಕೇಳಿ ಬರಕೊಳ್ರಿ. ಕೂಡಿಸಿ ಭಾಗಿಸಬ್ಯಾಡ್ರಿ, ಒಂದೊಂದ ಜೋರಾಗಿ ಓದ್ರಿ.

ಹುಬ್ಬಳ್ಳಿ ಮಾವಶಿ, ಬೆಳಗಾವಿ ವೈನಿ, ಪುಣೆದಾಗ ಇರೋ ತಂಗಿ, ನೀವೆಲ್ಲಾ ನಿಮ್ಮ ನಿಮ್ಮ ಚೀಟಿ ಕಳಸ್ರಿ. 'ಶಿವಮ್ಮ'ಗ ನಾಲ್ಕೂವರಿ ಹೆಚ್ಚಾತು ಅನಿಸಿದ್ರ ಹಂಗ ಬರೀರಿ, 'ಸೈಡ್ ಬಿ'ಗೆ ನಾ ಅನ್ಯಾಯ ಮಾಡೀನಿ ಅನಿಸಿದ್ರ ಅದನ್ನೂ ಬರೀರಿ. ನನ್ನ ಮಾತಿಗೆ ಹೂಂ ಅನಬ್ಯಾಡ್ರಿ. ಅಂದ್ರ ಮತ್ತ ಅದ "ಛಲೋ ಇತ್ತಲ್ಲ" ಆಗ್ತದ. ನನ್ನ ನೆಗೆಣ್ಣಿ ಈಗಾಗಲೇ ತಂದು ಕೊಟ್ಟಾಳ, 'ಲಾಪತಾ ಲೇಡೀಸ್'ಗೆ 3. ಕಾರಣ: "ಆ ಅತ್ತಿಗೆ ಸೇರೋ ಪಲ್ಯಾನ ಕಡೀ ತನಕ ಯಾರೂ ಮಾಡಿ ಬಡಸಲಿಲ್ಲ." ನಾಳೆ ಸಂತಿ ದಿನ. ಹಾಗಲಕಾಯಿ ತರ್ಲಿಕ್ಕೆ ಅಕಿನ ಹೋಗ್ತಾಳಂತ.